ಮೂವತ್ತು ಮುಷ್ಟಿ ತೌಡು

೬ ಆಗಸ್ಟ್ ೧೯೭೯, ಸೋಮವಾರ, ಕೂಡ್ಲಿಗಿ

ಉಸಿರು ನಿಮಿಷಕ್ಕೆ ೩೮. ಇನ್ನೊಮ್ಮೆ ಎಣಿಸಿದೆ, ೪೧. ಮೂರನೇ ಸಲ ಮತ್ತೆ ೩೮.

ಸೆಕೆಂಡಿನ ಮುಳ್ಳಿರುವುದು ಈ ಮನೆಯಲ್ಲಿ ಇವರ ಕೈಗಡಿಯಾರಕ್ಕೊಂದಕ್ಕೇ. ಅದನ್ನು ನಾನೇ ಕಿತ್ತುಕೊಂಡು ಇಟ್ಟುಕೊಂಡಿದ್ದೇನೆ. ಕರೆಂಟಿನ ಮೀಟರ್ ಓದಲು ಗುಡೇಕೋಟೆ ಕಡೆ ಸೈಕಲ್ ತುಳಿಯುವ ಮನುಷ್ಯ ಈಗ ಬಿಸಿಲು ನೋಡಿ ಟೈಮು ಹೇಳಬೇಕು. "ನೀ ಕೂಸಿನ ಮೀಟರ್ ಓದು, ನಾ ಊರಿನ ಮೀಟರ್ ಓದ್ತೀನಿ. ಇಬ್ಬರೂ ಒಂದಾ ಇಲಾಖಿಯೋರು ಆದ್ವಿ, ಕಲ್ಯಾಣಿ" ಅಂದರು. ನಗು ಬರಲಿಲ್ಲ. ಅವರು ಓಣಿ ದಾಟಿದ ಮೇಲೆ ಬಂತು.

ಕೂಸಿಗೆ ಮೂರು ತಿಂಗಳು. ಮಕ್ಕಳು ಹೀಗೇ ಉಸಿರಾಡುತ್ತವೆ ಅನ್ನುತ್ತಾರೆ ಡಾಕ್ಟರು. ಹೋದ ವರ್ಷವೂ ಹಾಗೇ ಅಂದಿದ್ದರು. ಅದು ಗಂಡು. ಒಂಬತ್ತು ದಿನ ಇತ್ತು. ಅದರ ಸುದ್ದಿ ಬರೆಯುವುದಿಲ್ಲ ಅಂತ ಆಣೆ ಮಾಡಿಕೊಂಡೇ ಈ ನೋಟುಪುಸ್ತಕ ತೆಗೆದದ್ದು, ಮೊದಲನೇ ಪುಟದಲ್ಲೇ ಬರೆದುಬಿಟ್ಟೆ. ಬಿ.ಎ. ಓದಿದವಳ ಆಣೆ ಇಷ್ಟೇ.

ಅತ್ತೆ ಕೂಸಿಗೆ ಕೈ ಚಾಚಿದಾಗಲೆಲ್ಲ "ಈಗ ಮಲಗಿದೆ" ಅನ್ನುತ್ತೇನೆ. ಅದು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಅವರನ್ನೇ ನೋಡುತ್ತಿರುತ್ತದೆ. ಅತ್ತೆ "ಹೂಂ, ಕಣ್ಣು ಬಿಟ್ಗೊಂಡಾ ಮಲಗೈತಿ, ಅವರವ್ವನಂಗ" ಅಂದು ಹೋಗುತ್ತಾರೆ. ನಾನು ಮಲಗುವುದಿಲ್ಲ. ಮಲಗಿದರೆ ಎಣಿಸುವವರು ಯಾರು?

೯ ಆಗಸ್ಟ್, ಗುರುವಾರ

ಉಸಿರು ೩೭.

ಇವತ್ತು ನಮ್ಮ ಮನೆಗೆ ಬಿಳಿ ಹುಡುಗಿಯೊಬ್ಬಳು ಬಂದು ಬಾಗಿಲಿಗೆ ಮೂರು ಸಲ ತಲೆ ಹೊಡೆಸಿಕೊಂಡಳು. ಒಳಗೆ ಬರುವಾಗ ಒಂದು, ನಮಸ್ಕಾರ ಮಾಡಿ ನೆಟ್ಟಗಾಗುವಾಗ ಒಂದು, ಹೋಗುವಾಗ ಒಂದು. ಹೆಸರು ಕಿರ್ಸ್ಟೆನ್. ಡೆನ್ಮಾರ್ಕ್ ದೇಶ. ಇವರ ಹಳೆಯ ಭೂಪಟದಲ್ಲಿ ಹುಡುಕಿದೆ, ಕಿರುಬೆರಳಿನ ಉಗುರಿನಷ್ಟಿದೆ. ಅಷ್ಟು ಗಿಡ್ಡ ದೇಶದಿಂದ ಇಷ್ಟು ಉದ್ದದ ಹುಡುಗಿ!

ಜೊತೆಗೆ ಬಂದವರು ಪಾದ್ರಿ ದೇವಪುತ್ರಪ್ಪನವರು, ಹಡಗಲಿ ತಾಲ್ಲೂಕಿನ ಹೊಳಲಿನವರು. ಪ್ರಾರ್ಥನಾ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಂಜಿ ಸಾಲಿ ನಡೆಸುತ್ತಾರಂತೆ. ಸರ್ಕಾರಿ ಶಾಲೆ ಬಿಟ್ಟ ಮೇಲೆ ನಾಲ್ಕೂವರೆಯಿಂದ ಆರೂವರೆಯವರೆಗೆ. ಪಾಠ, ಆಟ, ಹಾಡು, ಉಪ್ಪಿಟ್ಟು, ಪುಡಿ ಹಾಲು. ಹಾಲು, ರವೆ ಎಲ್ಲ ಕಿರ್ಸ್ಟೆನ್ನಳ ಊರಿನ ಚರ್ಚಿನ ಹೊಲಿಗೆ ಸಂಘದ ಹೆಂಗಸರು ಕಳಿಸುವುದು. ಈಕೆ ಸಂಬಳವಿಲ್ಲದೆ ಒಂದು ವರ್ಷ ಇದ್ದು ಹೋಗುವವಳು. ಇಂಗ್ಲಿಷ್ ಬಲ್ಲ ಹೆಣ್ಣುಮಗಳೊಬ್ಬಳು ಜೊತೆಗೆ ಬೇಕು, ಅವಳಿಗೂ ಸಂಬಳವಿಲ್ಲ.

ಅತ್ತೆ ನೇರವಾಗಿ ಕೇಳಿದರು, "ಜಾತಿ ಕೆಡಿಸ್ತೀರೇನು?"

"ಬಸಲಿಂಗಮ್ಮಾ, ಮೂವತ್ತು ಹುಡುಗರ ಭಾಗಾಕಾರ ತಿದ್ದೋದ್ರಾಗ ನಮ್ಮ ತಲಿ ಕೆಟ್ಟೈತಿ. ಜಾತಿ ಕೆಡಸಾಕ ಪುರುಸೊತ್ತೆಲ್ಲೈತಿ?" ಅಂದರು ಪಾದ್ರಿಗಳು.

ನಾನು ಆಗುವುದಿಲ್ಲ, ಕೂಸಿದೆ ಅಂದೆ. "ಕೂಸನ್ನೂ ತನ್ನಿ, ಅದಕ್ಕೂ ಭಾಗಾಕಾರ ಬರುವುದಿಲ್ಲ ತಾನೇ?" ಅಂದಳು ಕಿರ್ಸ್ಟೆನ್. ಅವಳ ಇಂಗ್ಲಿಷೂ ನನ್ನಂತೆಯೇ ಪುಸ್ತಕದ್ದು. ನನಗೆ ಯಾಕೋ ಧೈರ್ಯ ಬಂದುಬಿಟ್ಟಿತು.

೧೩ ಆಗಸ್ಟ್, ಸೋಮವಾರ

ಹೋಗುವ ಮುಂಚೆ ೩೯, ಬಂದ ಮೇಲೆ ೩೮, ನಡುವೆ ಶೆಡ್ಡಿನಲ್ಲಿ ೪೦. (ಗದ್ದಲಕ್ಕೆ ಇರಬೇಕು.)

ಅಯ್ಯೋ, ಎಂಥ ಗದ್ದಲ! ಸಂತೆಯೇ ವಾಸಿ. ಕಿರ್ಸ್ಟೆನ್ ಕನ್ನಡ ಕಲಿತದ್ದು ನೂರು ವರ್ಷ ಹಿಂದಿನ ಯಾವುದೋ ಮಿಶನ್ ಪುಸ್ತಕದಿಂದ. "ಎಲೈ ಬಾಲಕನೇ, ನೀನು ಯಾವ ಕಡೆಗೆ ಓಡುತ್ತಿರುವೆ?" ಅಂದಳು. ಓಡುತ್ತಿದ್ದವನು ನಮ್ಮ ಪಕ್ಕದ ಮನೆ ದಾವಲ್ ಬೀಯ ಮಗ ಮೌಲಾಹುಸೇನ. ಅವನು ಗಕ್ಕನೆ ನಿಂತು ಎದೆ ಸೆಟೆಸಿ, "ಎಲೈ ಅಕ್ಕನೇ, ಒಂದಕ್ಕೆ ಹೋಗುತ್ತಿರುವೆನು" ಅಂದ. ಮೂವತ್ತು ಮಕ್ಕಳೂ ಚಾಪೆಯ ಮೇಲೆ ಬಿದ್ದು ಹೊರಳಾಡಿದರು. ನಾನೂ ನಕ್ಕುನಕ್ಕು ಕೂಸಿನ ಉಸಿರು ಎಣಿಸುವುದು ತಪ್ಪಿ ಮತ್ತೆ ಒಂದರಿಂದ ಶುರು ಮಾಡಬೇಕಾಯಿತು.

ಮಕ್ಕಳು ಅವಳನ್ನು ಕಿಷ್ಟಮ್ಮ ಅನ್ನುತ್ತಾರೆ. ಕ್ರೈಸ್ತರ ಮನೆಯ ಮಕ್ಕಳು ಇಬ್ಬರೇ, ಉಳಿದವರೆಲ್ಲ ಎಲ್ಲಾ ಓಣಿಯವರು. ಶುರುವಿಗೆ ಒಂದು ಸಣ್ಣ ಪ್ರಾರ್ಥನೆ. ಕಿಷ್ಟಮ್ಮ ಒಂದು ಕಣ್ಣು ಮುಚ್ಚಿ ದೇವರನ್ನು ನೋಡುತ್ತಾಳೆ, ಇನ್ನೊಂದು ಕಣ್ಣು ತೆರೆದು ಉಪ್ಪಿಟ್ಟಿನ ಬೋಗುಣಿ ನೋಡುತ್ತಾಳೆ.

ಇಷ್ಟು ದೂರ ಯಾಕೆ ಬಂದೆ ಅಂತ ಕೇಳಿದೆ. "ನಮ್ಮೂರಲ್ಲಿ ಪ್ರತಿ ಮಗುವಿಗೂ ಬೂಟಿನ ದಾರ ಕಟ್ಟಲು ಯಾರೋ ಇದ್ದಾರೆ. ಯಾರೂ ಇಲ್ಲದ ಕಡೆ ಕಳಿಸು ಅಂತ ಪ್ರಾರ್ಥಿಸಿದೆ. ದೇವರು ಕೂಡ್ಲಿಗಿಗೆ ಕಳಿಸಿದ. ಬಂದು ನೋಡಿದರೆ ಇಲ್ಲಿ ಯಾರ ಕಾಲಲ್ಲೂ ಬೂಟಿಲ್ಲ!" ಅಂದಳು. ಹೇಳುತ್ತಾ ಅವಳ ಕಣ್ಣು ಒದ್ದೆಯಾಯಿತು, ಬಾಯಿ ನಗುತ್ತಿತ್ತು. ಹೀಗೆ ಎರಡೂ ಒಟ್ಟಿಗೆ ಮಾಡುವವರನ್ನು ನಾನು ನೋಡಿರಲಿಲ್ಲ.

೨೯ ಆಗಸ್ಟ್, ಬುಧವಾರ

೩೮.

ರವೆ ಚೀಲಕ್ಕೆ ಒರಗಿ ಕೂತಿದ್ದೆ. ಮಕ್ಕಳು ಏಳರ ಮಗ್ಗಿ ಒದರುತ್ತಿದ್ದರು. ಏಳೇಳ್ಲಿ ನಲವತ್ತೊಂಬತ್ತರವರೆಗೆ ನೆನಪಿದೆ. ಕಣ್ಣು ತೆಗೆದರೆ ಮಡಿಲು ಖಾಲಿ! ಚೀರಿಕೊಂಡು ಹೊರಗೆ ಓಡಿದೆ. ಬೇವಿನ ಗಿಡದ ಕೆಳಗೆ ಗಾದೆಮ್ಮ, ನಾಲ್ಕನೇ ಇಯತ್ತೆಯವಳು, ಮೊಳಕೈ ಉದ್ದದ ಹುಡುಗಿ, ನನ್ನ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಗೆ ತೋರಿಸುತ್ತಿದ್ದಾಳೆ. ಬಾಯಿಗೆ ಬಂದಂತೆ ಬೈದೆ.

"ಯಾಕ್ರೀ ಟೀಚರ್ ಹಂಗ ಒದರ್ತೀರಿ? ನಮ್ಮನ್ಯಾಗ ಐದು ಕೂಸು ಎತ್ತಿ ಆಡ್ಸೀನಿ, ಒಂದೂ ಬಿದ್ದಿಲ್ಲ." ಸ್ವಲ್ಪ ಯೋಚಿಸಿ, "ಒಂದು ಬಿದ್ದಿತ್ರಿ. ಈಗ ಅದಾ ಎಲ್ಲಾರ್ಗಿಂತ ಶಾಣ್ಯಾ ಐತಿ."

ಕಿಷ್ಟಮ್ಮ ಹೇಳಿದಳು, ನಾನು ಒಂದು ಗಂಟೆ ಹತ್ತು ನಿಮಿಷ ಮಲಗಿದ್ದೆನಂತೆ. ಸಾಧ್ಯವೇ ಇಲ್ಲ.

೧೦ ಸೆಪ್ಟೆಂಬರ್, ಸೋಮವಾರ

೫೨. ೫೪. ನೆಗಡಿ, ಕೆಮ್ಮು. ೫೧.

ಡಾಕ್ಟರು ಔಷಧಿ ಕೊಟ್ಟು ಹೆದರಬೇಡ ಅಂದರು. ಅತ್ತೆ ಕೂಸಿನ ಪಕ್ಕ ಕೂತು ಹಳೆಯ ಮಾತು ಮತ್ತೆ ತೆಗೆದರು. ಮೊದಲನೇದು ಉಳಿಯದ ಮನೆಯಲ್ಲಿ ಎರಡನೇ ಕೂಸನ್ನು ಮೊರದಲ್ಲಿಟ್ಟು ತೌಡಿಗೆ ಮಾರಬೇಕು. ಕೊಂಡವರು ಬೇರೆ ಮಂದಿ ಆಗಿರಬೇಕು. ಆಮೇಲೆ ಕೂಸು ಅವರದು, ನಾವು ಬರೀ ಸಾಕುವವರು. ಹುಡುಕಿಕೊಂಡು ಬಂದ ಸಾವು ಈ ಮನೆಯಲ್ಲಿ ಕೂಸೇ ಇಲ್ಲ ಅಂತ ವಾಪಸು ಹೋಗುತ್ತದೆ. ಹೆರಿಗೆಯ ದಿನವೇ ಹೇಳಿದ್ದರು, ನಾನು ಓದಿದವಳ ಹಾಗೆ ಮೂಗು ಮುರಿದಿದ್ದೆ.

ಇವತ್ತು ಹೂಂ ಅಂದೆ. ನನಗೆ ನಂಬಿಕೆ ಇಲ್ಲ. ಆದರೂ ಹೂಂ.

೧೪ ಸೆಪ್ಟೆಂಬರ್, ಶುಕ್ರವಾರ

೪೦. ಕೆಮ್ಮು ಇಳಿದಿದೆ.

ಕೊಳ್ಳುವವರು ಯಾರು? ಅತ್ತೆ ದಾವಲ್ ಬೀಯನ್ನು ಕೇಳಿದರೆ ಆಕೆ ಎರಡೂ ಕೈ ಎತ್ತಿಬಿಟ್ಟಳು. "ನಕ್ಕೋ ಅಕ್ಕಾ! ಈ ಓಣ್ಯಾಗಾ ನಾಕು ಕೂಸು ಕೊಂಡೀನಿ ನಾನು. ಹಬ್ಬ ಬಂದ್ರ ಎಲ್ಲಾವೂ ಬಂದು 'ಅಮ್ಮಾ ಸುರಕುಂಬಾ' ಅಂತ ಬಟ್ಟಲ ಹಿಡಕೊಂಡು ನಿಂದರ್ತಾವು. ನಮ್ಮ ಯಜಮಾನ್ರು ಸೈಕಲ್ ರಿಪೇರಿ ಮಾಡಾರು, ನವಾಬರಲ್ಲ."

ಅತ್ತೆ ಎಲೆ ಅಡಿಕೆ ಮೆಲ್ಲುತ್ತಾ ಕೂತವರು ಒಮ್ಮೆಗೇ, "ಕಿಷ್ಟಮ್ಮ!" ಅಂದರು. "ಆಕಿ ಮನಿ ಎಲ್ಲೈತಿ? ಸಮುದ್ರದಾಚಿ. ಅಂವ ಅಲ್ಲೀತನಕ ಹುಡಿಕ್ಯಾಡಿಕೋಂತ ಹೋಗ್ಬೇಕಂದ್ರ ಇಮಾನದ ಟಿಕೀಟ ತಗೀಬೇಕು."

ಸಾವಿಗೆ ವಿಮಾನದ ಟಿಕೆಟ್! ನಾನೂ ದಾವಲ್ ಬೀಯೂ ಗೋಡೆ ಹಿಡಿದುಕೊಂಡು ನಕ್ಕೆವು. ಅತ್ತೆ ಮಾತ್ರ ನಗಲಿಲ್ಲ, ಲೆಕ್ಕ ಹಾಕುತ್ತಿದ್ದರು.

೨೦ ಸೆಪ್ಟೆಂಬರ್, ಗುರುವಾರ

ಬೆಳಿಗ್ಗೆ ೩೮.

ಮಾರಿಬಿಟ್ಟೆ!

ಎರಡು ದಿನ ಕೂತು ಕಿಷ್ಟಮ್ಮನಿಗೆ ಎಲ್ಲ ಬಿಡಿಸಿ ಹೇಳಿದ್ದೆ. ಅವಳು ಗಂಭೀರವಾಗಿ ಕೇಳಿ, "ನಮ್ಮಲ್ಲೂ ಕೂಸನ್ನು ದೇವರ ಕೈಗೆ ಕೊಡುತ್ತೇವೆ, ಆತ ಬೆಳೆಸು ಅಂತ ತಾಯಿಗೇ ತಿರುಗಿ ಕೊಡುತ್ತಾನೆ. ಅರ್ಥವಾಯಿತು" ಅಂದಿದ್ದಳು. ತೊಡಕು ಬಂದದ್ದು ತೌಡಿನದು. ತೌಡು ಕೊಳ್ಳುವವಳ ಮನೆಯದೇ ಆಗಬೇಕು, ಇವಳು ಊಟ ಮಾಡುವುದು ಪಾದ್ರಿಗಳ ಮನೆಯಲ್ಲಿ, ಅಂಗಡಿಯಿಂದ ತಂದದ್ದು ನಡೆಯುವುದಿಲ್ಲ. ಅದನ್ನು ಗಾದೆಮ್ಮ ಕೇಳಿಸಿಕೊಂಡಿದ್ದಾಳೆ. ಇವತ್ತು ಸಂಜೆ ಮೂವತ್ತು ಮಕ್ಕಳೂ ತಮ್ಮ ತಮ್ಮ ಮನೆಯಿಂದ ಒಂದೊಂದು ಮುಷ್ಟಿ ತೌಡು ತಂದಿದ್ದಾರೆ! ಒಬ್ಬಳು ಲಂಗದ ಚುಂಗಿನಲ್ಲಿ, ಒಬ್ಬ ಪಾಟಿಚೀಲದಲ್ಲಿ, ಮೌಲಾಹುಸೇನ ಟೋಪಿಯಲ್ಲಿ. ಶೆಡ್ಡಿನ ತುಂಬ ಸೀನು, ಆಕ್ಷಿ, ಆಕ್ಷಿ.

ಇದು ನಡೀತದೇನು ಅಂತ ಎಲ್ಲರೂ ಅತ್ತೆಯ ಮುಖ ನೋಡಿದೆವು. "ನಡೀತೈತಿ. ಈ ಸಾಲೀನಾ ಆಕಿ ಮನಿ" ಅಂದರು.

ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲ ಮೇಲಿಂದ ದಾಟಿಸಿದೆವು. ಅತ್ತೆ ಮೂರು ಸಲ "ಯಾರ ಕೂಸು?" ಅನ್ನಬೇಕು, ಅವಳು ಮೂರು ಸಲ "ನಂದು" ಅನ್ನಬೇಕು. ಮೂರನೇ ಸಲ ಕಿಷ್ಟಮ್ಮ ಎಷ್ಟು ಗಟ್ಟಿಯಾಗಿ ಅಂದಳೆಂದರೆ ಬೇವಿನ ಗಿಡದ ಕಾಗೆ ಹಾರಿಹೋಯಿತು. ನಾನು ಸಂಪ್ರದಾಯದಂತೆ ಮುಖ ತಿರುಗಿಸಿ ನಿಂತಿದ್ದೆ. ಕೂಸು ಬೇರೆಯವರ ಕೈಯಲ್ಲಿ, ನನ್ನ ಬೆನ್ನ ಹಿಂದೆ! ಎಣಿಸಲು ಆಗದು, ಬೇರೆ ದಾರಿಯಿಲ್ಲದೆ ಬಾಗಿಲಿನ ಮೊಳೆ ಎಣಿಸಿದೆ. ಹದಿನಾಲ್ಕು.

ತೌಡು ನಾವು ಬಳಸುವ ಹಾಗಿಲ್ಲ, ದಾವಲ್ ಬೀಯ ಆಡಿಗೆ ಹೋಯಿತು. ಕೂಸಿನ ಹೆಸರು ಇನ್ನು ಮೇಲೆ ತೌಡವ್ವ. ಶಿಲ್ಪಾ, ಸ್ಮಿತಾ ಅಂತ ಇಟ್ಟುಕೊಂಡಿದ್ದ ಪಟ್ಟಿ ಈ ಪುಸ್ತಕದ ಕೊನೇ ಪುಟದಲ್ಲಿದೆ, ಇರಲಿ. ಅತ್ತೆಯ ಕಟ್ಟಪ್ಪಣೆ ಒಂದೇ: ವರ್ಷ ತುಂಬುವವರೆಗೆ ನಾಲ್ಕು ಜನರ ಮುಂದೆ ನಾನು "ನನ್ನ ಕೂಸು" ಅನ್ನಬಾರದು. ಅಂದರೆ ಮಾರಿದ್ದು ಮುರಿದು ಹೋಗುತ್ತದೆ, ಅಂವ ಕೇಳಿಸಿಕೊಳ್ಳುತ್ತಾನೆ.

೨೧ ಸೆಪ್ಟೆಂಬರ್, ಶುಕ್ರವಾರ

೩೬. ಮಾರಿದ ಕೂಸೂ ಅಷ್ಟೇ ಉಸಿರಾಡುತ್ತದೆ.

೫ ಅಕ್ಟೋಬರ್, ಶುಕ್ರವಾರ

೩೬.

ಅತ್ತೆ ಕಿಷ್ಟಮ್ಮನಿಗೆ ಬುದ್ಧಿ ಹೇಳಿದ್ದಾರೆ: "ನಿನ್ನ ಕೂಸಿಗೆ ಹಾಲು ಕುಡಸಾಕಿ ಅದಾಳ, ಆಕಿಗೇನಾರ ತಿನ್ನಾಕ ಕೊಡಬೇಕಲ್ಲವಾ?" ಅದಕ್ಕೇ ದಿನಾ ನನಗೆ ಎರಡು ಶೇಂಗಾ ಉಂಡೆ. ಕೈಗೆ ಕೊಡುವಾಗ ಕಿಷ್ಟಮ್ಮ ತಲೆಬಾಗಿ, "ಎಲೈ ದಾದಿಯೇ, ಸ್ವೀಕರಿಸು" ಅನ್ನುತ್ತಾಳೆ. ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾಳೆ, ಪಾಪಿ.

ಓಟದ ಪಂದ್ಯಕ್ಕೆ ಸೆಕೆಂಡು ನೋಡಲು ಕೈಗಡಿಯಾರ ಕೊಟ್ಟಿದ್ದೆ. ಮೌಲಾಹುಸೇನ ಗೆದ್ದ ಖುಷಿಗೆ ಅದನ್ನು ಮೇಲೆ ಎಸೆದ. ಹಾಲಿನ ಪುಡಿ ಕದಡಿದ್ದ ಬಕೆಟ್ಟಿಗೇ ಬಿತ್ತು. ಎಲ್ಲ ಮಕ್ಕಳೂ ಬಕೆಟ್ ಸುತ್ತ ನಿಂತು ಗಡಿಯಾರ ಹಾಲು ಕುಡಿಯುವುದನ್ನು ನೋಡಿದರು. ಅವನಪ್ಪ ಕಮಾಲಸಾಬರು ಬಿಚ್ಚಿ ಒಣಗಿಸಿ ಸರಿ ಮಾಡಿ ಕೊಡುತ್ತೇನೆ ಅಂದಿದ್ದಾರೆ. ಇವರಿಗೆ ಹೇಗೆ ಹೇಳುವುದು ಅಂತ ಚಿಂತೆ. ಹೇಳಿದೆ. "ಹಾಲು ಕುಡದೈತಂದ್ರ ಚಲೋ ಬೆಳೀತೈತಿ ಬಿಡು" ಅಂದರು.

೧೭ ಅಕ್ಟೋಬರ್, ಬುಧವಾರ

ಕೆಟ್ಟೆವು.

ತೌಡವ್ವ ದಾವಲ್ ಬೀಯ ಮನೆಯಲ್ಲಿದ್ದಾಳೆ, ಅದಕ್ಕೇ ಎರಡೂ ಕೈ ಬಿಡುವಾಗಿ ಬರೆಯುತ್ತಿದ್ದೇನೆ. ಆಗಿರುವುದು ಇಷ್ಟು. ಮಾರಿದ ದಿನ ಸಂಜೆ ಕಿಷ್ಟಮ್ಮ ತನ್ನೂರಿನ ಹೊಲಿಗೆ ಸಂಘಕ್ಕೆ ನೀಲಿ ಏರ್‌ಮೇಲ್ ಕಾಗದ ಬರೆದಿದ್ದಾಳೆ. ಬಿಸಿಲು, ಬೇವು, ಉಪ್ಪಿಟ್ಟು, ಎಲ್ಲ ವರ್ಣಿಸಿ ಕೊನೆಯಲ್ಲಿ ಒಂದೇ ಸಾಲಿಗೆ ಜಾಗ ಉಳಿಯಿತಂತೆ. ಅಲ್ಲಿ ಬರೆದದ್ದು: "ಇವತ್ತು ಒಂದು ಮೊರ ತೌಡು ಕೊಟ್ಟು ಹೆಣ್ಣು ಕೂಸೊಂದನ್ನು ಕೊಂಡುಕೊಂಡೆ, ಬಹಳ ಸಂತೋಷವಾಗಿದೆ." ವಿವರ ಮುಂದಿನ ಕಾಗದದಲ್ಲಿ ಬರೆದರಾಯಿತು ಅಂತ ಅಂಟಿಸಿ ಡಬ್ಬಿಗೆ ಹಾಕಿದ್ದಾಳೆ!

ಮುಂದಿನ ಕಾಗದ ಮುಟ್ಟುವುದರೊಳಗೆ ಅಲ್ಲಿ ಏನಾಗಿರಬೇಡ! ಹೊಲಿಗೆ ಬಿಟ್ಟು ಎದ್ದಿದ್ದಾರೆ. ಸಂಘದ ಹಿರಿಯರೊಬ್ಬರು, ಮಿಸೆಸ್ ಲುಂಡ್, ಈಗ ಮದರಾಸಿನ ಕಡೆ ಪ್ರವಾಸದಲ್ಲಿದ್ದಾರಂತೆ. ಅವರಿಗೆ ತಂತಿ ಹೋಗಿದೆ, ಅವರಿಂದ ಪಾದ್ರಿಗಳಿಗೆ ತಂತಿ ಬಂದಿದೆ. ನವೆಂಬರ್ ಐದಕ್ಕೆ ವಿಚಾರಣೆಗೆ ಬರುತ್ತಾರೆ. ಕೂಸು ಕೊಂಡದ್ದು ನಿಜವಾದರೆ ಕಿಷ್ಟಮ್ಮ ಊರಿಗೆ ವಾಪಸು, ಸಂಜಿ ಸಾಲಿಗೆ ಬೀಗ.

"ನಾನು ನಿಜವನ್ನೇ ಬರೆದೆ" ಅನ್ನುತ್ತಾಳೆ ಮೂಗು ಸುರಿಸುತ್ತಾ. ನಿಜ ಬರೆಯಲು ಜಾಗ ಸಾಲದಿದ್ದರೆ ಉಪ್ಪಿಟ್ಟಿನ ಸುದ್ದಿ ಬಿಡಬಾರದಿತ್ತೇ, ತಾಯಿ!

೧ ನವೆಂಬರ್, ಗುರುವಾರ

ಪಾದ್ರಿಗಳು ಮನೆಗೆ ಬಂದಿದ್ದರು. ಅವರು ಎಷ್ಟು ಹೇಳಿದರೂ ಆ ಅಮ್ಮ ಒಪ್ಪಲಿಕ್ಕಿಲ್ಲವಂತೆ. ಹೆತ್ತವಳೇ ಎಲ್ಲರ ಮುಂದೆ ನಿಂತು "ಕೂಸು ನನ್ನದು, ಕೊಟ್ಟಿಲ್ಲ" ಅಂತ ಹೇಳಿದರೆ ಮಾತ್ರ ಸಾಲಿ ಉಳಿಯುತ್ತದೆ.

ಅತ್ತೆ ಪಾತ್ರೆ ತೊಳೆಯುವುದನ್ನು ಬಿಟ್ಟು ಬೂದಿ ಕೈಯಲ್ಲೇ ಎದ್ದು ಬಂದರು. "ವರ್ಷ ತುಂಬಾಕ ಇನ್ನೂ ಆರು ತಿಂಗಳೈತಿ. ಆಕಿ ಬಾಯಾಗ ಆ ಮಾತು ಬರಬಾರ್ದು. ಸಾಲಿ ಇವತ್ತು ಮುಚ್ಚಿದ್ರ ನಾಳಿ ತಗೀಬಹುದು. ಕೂಸು?"

ಪಾದ್ರಿಗಳು ಚಪ್ಪಲಿ ಮೆಟ್ಟಿಕೊಳ್ಳುತ್ತಾ ನನಗೆ ಮಾತ್ರ ಕೇಳುವಂತೆ, "ನಿನ್ನ ಮ್ಯಾಲ ಭಾರ ಹಾಕೂದಿಲ್ಲ ತಂಗಿ. ಹೇಳದಿದ್ರೂ ನನಗ ಸಿಟ್ಟಿಲ್ಲ" ಅಂದರು.

ನನಗೆ ನಂಬಿಕೆ ಇಲ್ಲ. ಇದನ್ನು ಹತ್ತು ಸಲ ಬರೆಯಬಲ್ಲೆ. ಆದರೆ ಬಾಯಿ ಬಿಟ್ಟು ಒಂದು ಸಲ ಆ ಮಾತು ಆಡಬಲ್ಲೆನೇ? ಹೋದ ವರ್ಷ ಒಂಬತ್ತು ದಿನವೂ ಬಂದವರಿಗೆಲ್ಲ "ನನ್ನ ಮಗ, ನನ್ನ ಮಗ" ಅಂತ ತೋರಿಸಿದ್ದೆ.

ಒಂದು ಉಪಾಯ ಹೊಳೆದಿದೆ: ಇಂಗ್ಲಿಷಿನಲ್ಲಿ ಹೇಳಿಬಿಡುವುದು. ಅತ್ತೆಗೂ ತಿಳಿಯುವುದಿಲ್ಲ, ಅವನಿಗೂ ತಿಳಿಯದೆ ಇರಬಹುದು. ಕೂಡ್ಲಿಗಿ ತಾಲ್ಲೂಕು ನೋಡಿಕೊಳ್ಳುವವನಿಗೆ ಇಂಗ್ಲಿಷ್ ಯಾಕೆ ಬೇಕು?

೫ ನವೆಂಬರ್, ಸೋಮವಾರ

ಎಲ್ಲಿಂದ ಶುರು ಮಾಡಲಿ! ಕೈ ಓಡುತ್ತಿದೆ, ಪೆನ್ನು ಓಡುತ್ತಿಲ್ಲ.

ಮಿಸೆಸ್ ಲುಂಡ್ ನಾಲ್ಕೂವರೆಗೆ ಬಂದರು. ಬೂದು ಕೂದಲು, ಬೂದು ಕೋಟು, ತೊಡೆಯ ಮೇಲೆ ಬೂದು ರಟ್ಟಿನ ಪುಸ್ತಕ. ಮಕ್ಕಳು ಚಾಪೆಯ ಮೇಲೆ ತಲೆಗೆ ಎಣ್ಣೆ ಹಚ್ಚಿಕೊಂಡು ಸಾಲಾಗಿ ಕೂತಿದ್ದರು. ಬಾಗಿಲ ತುಂಬ ತಾಯಂದಿರು. ಅತ್ತೆ ಹೊಸ್ತಿಲ ಮೇಲೇ, ನನ್ನ ಬಾಯನ್ನೇ ನೋಡುತ್ತಾ. ದಾವಲ್ ಬೀ ಪಕ್ಕದಲ್ಲಿ. ತೌಡವ್ವ ಗಾದೆಮ್ಮನ ಸೊಂಟದಲ್ಲಿ.

ಮೊದಲು ಕಿಷ್ಟಮ್ಮನನ್ನು ಕೇಳಿದರು, ಇಂಗ್ಲಿಷಿನಲ್ಲೇ, ಪಾದ್ರಿಗಳಿಗೂ ತಿಳಿಯಲಿ ಅಂತ: "ನೀನು ಕೂಸನ್ನು ಕೊಂಡೆಯಾ?"

ಸುಳ್ಳು ಹೇಳಲು ಬಾರದ ಆ ಜಿರಾಫೆ, "ಹೌದು, ಕೊಂಡೆ" ಅಂದಳು. ಪಾದ್ರಿಗಳು ಹಣೆಗೆ ಕೈ ಹಚ್ಚಿದರು.

"ತಾಯಿ ಯಾರು? ಅವಳನ್ನು ಕೇಳಿ" ಅಂದರು ಮಿಸೆಸ್ ಲುಂಡ್ ನನ್ನ ಕಡೆ ತಿರುಗಿ. ನಾನು ದುಭಾಷಿ. ಪ್ರಶ್ನೆ ಕೇಳಬೇಕಾದವಳೂ ನಾನೇ, ಉತ್ತರ ಕೊಡಬೇಕಾದವಳೂ ನಾನೇ! ನನಗೆ ನಾನೇ ಕೇಳಿಕೊಂಡು, ಮೆಲ್ಲಗೆ ಇಂಗ್ಲಿಷಿನಲ್ಲಿ, "ನಾನೇ ತಾಯಿ, ಮೇಡಂ. ಕೂಸು ನನ್ನದು" ಅಂದೆ. ಅತ್ತೆಗೆ ತಿಳಿಯಲಿಲ್ಲ. ಉಪಾಯ ಫಲಿಸಿತು ಅಂತ ಒಳಗೊಳಗೇ ಕುಣಿದೆ.

ಆದರೆ ಆ ಹಿರಿಯಮ್ಮ ಬಲು ಜಾಣೆ. ನೇರವಾಗಿ ಮಕ್ಕಳ ಕಡೆ ತಿರುಗಿ, ಗಾದೆಮ್ಮನ ಸೊಂಟದ ಕಡೆ ಬೆರಳು ತೋರಿಸಿ, ಇವರನ್ನು ಕೇಳಿ ಅಂದರು. "ಯಾರ ಕೂಸು?" ಅಂತ ಪಾದ್ರಿಗಳು ಕೇಳಿದರು. ಒಂದೂವರೆ ತಿಂಗಳಿಂದ ಅತ್ತೆಯ ಕೈಯಲ್ಲಿ ಪಾಠ ಹೇಳಿಸಿಕೊಂಡ ಮೂವತ್ತು ಮಕ್ಕಳು ಏಳರ ಮಗ್ಗಿಯ ರಾಗದಲ್ಲಿ ಕೂಗಿದರು:

"ಕಿಷ್ಟಮ್ಮಂದೂ!"

ಆ ಒಂದು ಶಬ್ದಕ್ಕೆ ಯಾರ ತರ್ಜುಮೆಯೂ ಬೇಕಿರಲಿಲ್ಲ. ಮಿಸೆಸ್ ಲುಂಡ್ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದರು. ಕಿಷ್ಟಮ್ಮ ನನ್ನ ಕಡೆ ನೋಡಲಿಲ್ಲ, ಬೇಡ ಅನ್ನುವಂತೆ ಮಕ್ಕಳ ಕಡೆ ಮುಖ ಮಾಡಿ ನಿಂತಿದ್ದಳು. ಮೊನ್ನೆ ಉಪ್ಪಿಟ್ಟಿನ ತಟ್ಟೆ ನೆಕ್ಕಿದ ಮಕ್ಕಳು. ನಾಳೆ ಈ ಹೊತ್ತಿಗೆ ಇಲ್ಲಿ ಬೀಗ.

ಎದ್ದೆ. ಕನ್ನಡದಲ್ಲಿ, ಹೊಸ್ತಿಲಿಗೂ ಬೇವಿನ ಗಿಡಕ್ಕೂ ಕೇಳುವಂತೆ ಅಂದೆ:

"ನಂದು. ಈ ಕೂಸು ನಂದು. ನಾ ಹೆತ್ತದ್ದು. ಯಾರಿಗೂ ಕೊಟ್ಟಿಲ್ಲ."

ಅತ್ತೆ "ಅಯ್ಯಯ್ಯೋ, ಹಾಳಾತು" ಅಂತ ಹೊಸ್ತಿಲ ಮೇಲೆ ಕುಸಿದರು.

ಆಗ ಗಾದೆಮ್ಮ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, "ಒಬ್ಬರದಾ ಹೆಂಗಾಕೈತ್ರೀ ಟೀಚರ್? ನನ್ನ ಮುಷ್ಟಿ ತೌಡು ಏನಾತು ಹಂಗಾರ? ನಂದೂ ಐತಿ" ಅಂದಳು.

"ಲೇ, ನಂದೂ ಐತಿ! ನಾ ಟೋಪಿ ತುಂಬ ತಂದಿದ್ದೆ!" ಮೌಲಾಹುಸೇನ ಎದ್ದು ನಿಂತ.

"ಅರ್ಧ ಸೋರಿ ಹೋಗಿತ್ತು ನಿಂದು, ಸುಮ್ನ ಕುಂದರು! ನಂದು ಒತ್ತಿ ಒತ್ತಿ ತುಂಬಿದ್ದು!"

"ನಂದೂ ರೀ!" "ನಮ್ಮದಿಬ್ಬರದು ರೀ!" "ನಂದು ಗೋದಿ ತೌಡು, ಭಾಳ ಚಲೋದು!" ಮೂವತ್ತು ಮಕ್ಕಳೂ ಎದ್ದು ಮುಷ್ಟಿ ಎತ್ತಿ ಕೂಗುತ್ತಿದ್ದಾರೆ, ತಗಡು ಹಾರಿಹೋಗುವ ಹಾಗೆ! ತೌಡವ್ವ ಹಲ್ಲಿಲ್ಲದ ಬಾಯಿ ಅಗಲಿಸಿ ಕೇಕೆ ಹಾಕುತ್ತಿದ್ದಾಳೆ. ಪಾದ್ರಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ಮಿಸೆಸ್ ಲುಂಡ್ ಅವರ ಮುಂದೆ ಬಾಗಿದರು: "ಮೇಡಂ, ನಾನೂ ಮಾರಾಟವಾದವನೇ. ಹೊಳಲಿನ ಗಾಣದ ಅಜ್ಜಿಗೆ, ಒಂದು ಮೊರ ತೌಡಿಗೆ. ನನಗಿಂತ ಮೊದಲು ಇಬ್ಬರು ಹೋಗಿದ್ದರು. ಆ ಅಜ್ಜಿ ನನ್ನನ್ನು ಒಯ್ಯಲು ಬರಲೇ ಇಲ್ಲ. ಐವತ್ತೆರಡು ವರ್ಷವಾಯಿತು, ಬದುಕಿದ್ದೇನೆ." ಆಮೇಲೆ ಎಲ್ಲವನ್ನೂ ಮೊದಲಿನಿಂದ, ಮೊರದಿಂದ ಹಿಡಿದು ವಿಮಾನದ ಟಿಕೆಟ್ಟಿನವರೆಗೆ, ನಾವಿಬ್ಬರೂ ಸೇರಿ ಬಿಡಿಸಿ ಹೇಳಿದೆವು.

ಮಿಸೆಸ್ ಲುಂಡ್ ಪೆನ್ನು ಕೈಯಲ್ಲೇ ಹಿಡಿದು, "ಆ ತೌಡು ಈಗ ಎಲ್ಲಿದೆ?" ಅಂದರು. ಸಾಕ್ಷಿ ನೋಡಬೇಕಲ್ಲ! ದಾವಲ್ ಬೀ ಓಡಿಹೋಗಿ ಆಡನ್ನು ಎಳೆದು ತಂದಳು. ಅದು ಬಂದದ್ದೇ ಬೂದು ಕೋಟಿನ ಅಂಚನ್ನು ಜಗಿಯತೊಡಗಿತು. ಆಗ ನೋಡಿ, ಆ ಅಮ್ಮ ನಕ್ಕರು! ಸದ್ದಿಲ್ಲದೆ, ಭುಜ ಕುಣಿಸುತ್ತಾ. ಪೆನ್ನಿಗೆ ಮುಚ್ಚಳ ಹಾಕಿ, ತಮಗೂ ಒಂದು ಮುಷ್ಟಿ ತೌಡು ಸಿಗಬಹುದೇ ಅಂತ ಕೇಳಿದರು. ದಾವಲ್ ಬೀ ತಂದುಕೊಟ್ಟಳು, ಅವರು ತಮ್ಮ ಕೈಯಾರೆ ಆಡಿಗೆ ತಿನ್ನಿಸಿದರು. ಸಾಲಿಗೆ ಬೀಗವಿಲ್ಲ. ಕಿಷ್ಟಮ್ಮ ಇರುತ್ತಾಳೆ. ಆದರೆ ಇನ್ನು ಮುಂದೆ ಕಾಗದ ಬರೆದರೆ ಸಾದಾ ಹಾಳೆಯಲ್ಲಿ, ಜಾಗ ನೋಡಿಕೊಂಡು ಬರೆಯಬೇಕಂತೆ.

ಅತ್ತೆ ಹೊಸ್ತಿಲ ಮೇಲೇ ಕೂತು ಬೆರಳು ಮಡಿಸುತ್ತಿದ್ದರು. ಹೆದರುತ್ತಾ ಹತ್ತಿರ ಹೋದೆ.

"ಮೂವತ್ತು ಮನಿ, ಆ ಕಿಷ್ಟಮ್ಮಂದೊಂದು, ಈ ಮುದುಕೀದೊಂದು, ನಮ್ಮದೊಂದು" ಅಂದರು. "ಬರ್ಲಿ ಬಿಡು ಅಂವ. ಇದರಾಗ ಯಾರ ಮನೀ ಕೂಸು ಅಂತ ಕೇಳ್ಕೋಂತ ಅಡ್ಡಾಡೋದ್ರಾಗ ಚಪ್ಪಲಿ ಹರಕೊಂಡು ಹೋಗ್ತಾನ." ಎದ್ದು ಸೆರಗು ಜಾಡಿಸಿದರು. "ಆದ್ರೂ ಏನು ಗಂಟಲವಾ ನಿಂದು. ಕೊಟ್ಟೂರಿಗೆ ಕೇಳಿಸಿರಬೇಕು."

ಮಿಸೆಸ್ ಲುಂಡ್ ಕೂಸನ್ನು ಎತ್ತಿಕೊಳ್ಳಲೇ ಅಂದರು. ಎತ್ತಿಕೊಳ್ಳಿ ಅಂದು ನಾನು ಚಹಾ ನೋಡಲು ಹೋದೆ, ಉಕ್ಕುತ್ತಿತ್ತು.

೭ ನವೆಂಬರ್, ಬುಧವಾರ

ಕಮಾಲಸಾಬರು ನಿನ್ನೆ ಸಂಜೆ ಕೈಗಡಿಯಾರ ಸರಿಮಾಡಿ ಕೊಟ್ಟಿದ್ದರು. ಸರಿಯಂತೆ, ಎಲ್ಲಿಯ ಸರಿ! ಒಂಬತ್ತೂಕಾಲಕ್ಕೆ ತಲೆದಿಂಬಿನ ಪಕ್ಕ ಇಟ್ಟು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರೆ ಆರೂ ನಲವತ್ತು ತೋರಿಸುತ್ತಿದೆ! ಹಾಲು ಉಕ್ಕಿ ಒಲೆ ಆರಿದೆ, ಇವರು ತಾವೇ ಚಹಾ ಮಾಡಿಕೊಂಡು ಗುಡೇಕೋಟೆಗೆ ಹೋಗಿಯಾಗಿದೆ, ತೌಡವ್ವ ಅತ್ತೆಯ ಮಡಿಲಲ್ಲಿ ರಾಗಿ ಗಂಜಿ ಮೆತ್ತಿಕೊಂಡು ಕೂತಿದ್ದಾಳೆ. ಯಾರೂ ಎಬ್ಬಿಸಿಲ್ಲ, ಎಲ್ಲರೂ ನನ್ನ ನೋಡಿ ನಗುವುದು ಬೇರೆ.

ಮೌಲಾಹುಸೇನನ ಕೈಯಲ್ಲಿ ಗಡಿಯಾರ ವಾಪಸು ಕಳಿಸಿದೆ: ಒಂಬತ್ತು ತಾಸು ಮುಂದೆ ಓಡಿದೆ, ಇನ್ನೊಮ್ಮೆ ಬಿಚ್ಚಿ ನೋಡಬೇಕು ಅಂತ.

ಅವನು ಈಗಷ್ಟೇ ತಿರುಗಿ ತಂದು ಕೊಟ್ಟು ಹೋದ. "ಗಡಿಯಾರ ಬರೋಬರ್ ಐತಂತ್ರಿ ಟೀಚರ್. ನಮ್ಮಪ್ಪ ಹೇಳ್ಯಾರ, ಅದರಾಗ ಬಿಚ್ಚಾಕ ಏನೂ ಇಲ್ಲಂತ."

ಇರಲಿ. ಸಂಜೆ ಸಾಲಿಯಲ್ಲಿ ಮತ್ತೆ ಓಟದ ಪಂದ್ಯವಿದೆ, ಸೆಕೆಂಡು ನೋಡಲು ಬೇಕಾಗುತ್ತದೆ.